ಲೇಹ್‌ನಲ್ಲಿ ಸುಮ್ಮನಿದ್ದ ಎರಡು ದಿನ

2007ರ ಮೇ ತಿಂಗಳ ಕೊನೆಯ ದಿನ ನಾನು ಸೇವೆಯಿಂದ ನಿವೃತ್ತನಾದೆ. ಆಗ ನಮ್ಮ ನಿವೃತ್ತಿಯ ವಯಸ್ಸು ಐವತ್ತೆಂಟು. ಮೂರು ದಶಕಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿದವನು ಹಾಜರಿ ಪುಸ್ತಕವನ್ನೂ ಪ್ರಯೋಗಶಾಲೆಯ ಬೀಗದ ಕೈಯನ್ನೂ ಒಂದೇ ಸಂಜೆ ಒಪ್ಪಿಸಿ ಬಂದರೆ, ಮರುದಿನ ಬೆಳಿಗ್ಗೆ ಏನು ಮಾಡಬೇಕೆಂದು ತಿಳಿಯದೆ ಅಂಗಳದಲ್ಲಿ ನಿಲ್ಲುವುದು ಸಹಜ. ಹಾಗೆ ನಿಂತಿದ್ದ ದಿನಗಳಲ್ಲಿಯೇ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಚಿತ್ರದುರ್ಗದ ನಮ್ಮ ಮನೆಗೆ ಬಂದ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ, ಇಪ್ಪತ್ತೆಂಟರ ತರುಣ. ಜುಲೈಯಲ್ಲಿ ಲಡಾಖಿಗೆ ಹೊರಟಿದ್ದೇನೆ, ರೈಲು ಬಸ್ಸುಗಳಲ್ಲೇ ಪ್ರಯಾಣ, ಬೆನ್ನಿಗೊಂದು ಚೀಲ ಸಾಕು, ನೀವೂ ಬನ್ನಿ ಎಂದ. ನನ್ನ ಹೆಂಡತಿ ನಗುತ್ತಾ, "ಮೂವತ್ತು ವರ್ಷ ಭೂಪಟದಲ್ಲಿ ಹಿಮಾಲಯ ತೋರಿಸಿದ್ದಾಯಿತಲ್ಲ, ಒಂದು ಸಲ ನೋಡಿಕೊಂಡು ಬನ್ನಿ" ಎಂದು ಅಪ್ಪಣೆ ಕೊಟ್ಟಳು.

ಬೆನ್ನುಚೀಲ ಹೊತ್ತು ಊರೂರು ಅಲೆಯುವುದು ಇಪ್ಪತ್ತರ ಹರೆಯದವರ ಕೆಲಸವೆಂದು ತಿಳಿದಿದ್ದವನು ನಾನು. ಎರಡು ಜೊತೆ ಬಟ್ಟೆ, ಒಂದು ಉಣ್ಣೆಯ ಸ್ವೆಟರ್, ಮಂಕಿ ಟೋಪಿ, ಅವಲಕ್ಕಿ, ಚಟ್ನಿಪುಡಿ, ಒಂದು ಡಬ್ಬ ಹುರಿಹಿಟ್ಟು, ಇಷ್ಟು ತುಂಬಿಕೊಂಡು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆವು. ದೆಹಲಿಯಿಂದ ರಾತ್ರಿ ಬಸ್ಸಿನಲ್ಲಿ ಮನಾಲಿ. ಅಲ್ಲಿಂದ ಲೇಹ್‌ಗೆ ಸುಮಾರು 475 ಕಿ.ಮೀ. ರಸ್ತೆ. ಚಳಿಗಾಲದಲ್ಲಿ ಹಿಮ ಬಿದ್ದು ತಿಂಗಳುಗಟ್ಟಲೆ ಮುಚ್ಚುವ ಈ ದಾರಿಯಲ್ಲಿ ಆಗ ಅಟಲ್ ಸುರಂಗವಿರಲಿಲ್ಲ. 9 ಕಿ.ಮೀ. ಉದ್ದದ ಆ ಸುರಂಗ ತೆರೆದದ್ದು 2020ರ ಅಕ್ಟೋಬರಿನಲ್ಲಿ. ನಾವು ಹೋದಾಗ ಎಲ್ಲ ಬಸ್ಸುಗಳೂ 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆದಾರಿಯನ್ನು ಕೆಸರಿನಲ್ಲಿ ತೆವಳುತ್ತಲೇ ದಾಟಬೇಕಿತ್ತು.

ಮೊದಲ ರಾತ್ರಿ ಕೇಲಾಂಗಿನಲ್ಲಿ ತಂಗಿದೆವು. ಮರುದಿನ ನಸುಕಿನಲ್ಲಿ ಹೊರಟ ಬಸ್ಸು ಕತ್ತಲಾದ ಮೇಲೆ ಲೇಹ್ ಮುಟ್ಟಿತು. ಆ ಒಂದು ಹಗಲಿನಲ್ಲಿ ಕಂಡದ್ದನ್ನೆಲ್ಲ ಬರೆಯಹೊರಟರೆ ಪುಟಗಳು ಸಾಲವು. ಬಾರಾಲಾಚಾ ಕಣಿವೆಯ ಹಿಮ, ಇಪ್ಪತ್ತೊಂದು ತಿರುವುಗಳ ಗಾಟಾ ಲೂಪ್ಸ್, ಪಾಂಗ್ ಎಂಬಲ್ಲಿ ಗುಡಾರದೊಳಗಿನ ಹೋಟೆಲು, ಆಮೇಲೆ ಮರವೂ ಮನೆಯೂ ಇಲ್ಲದೆ ಹತ್ತಾರು ಕಿಲೋಮೀಟರ್ ಚಾಚಿಕೊಂಡ ಮೋರೆ ಬಯಲು. ಮಳೆಯ ಮೋಡಗಳು ದಕ್ಷಿಣದ ಪರ್ವತಗಳ ಆಚೆಯೇ ಉಳಿದುಬಿಡುತ್ತವೆ. ಆದ್ದರಿಂದ ಈಚೆ ಬದಿಯಲ್ಲಿ ಬೆಟ್ಟಗಳು ಬತ್ತಲಾಗಿ ಕಂದು, ನೇರಳೆ, ಬೂದು ಬಣ್ಣಗಳಲ್ಲಿ ನಿಂತಿರುತ್ತವೆ. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನನ್ನ ಕಣ್ಣಿಗೆ ಅದು ಅಪರಿಚಿತವೆನಿಸಲಿಲ್ಲ. ನಮ್ಮ ಚಳ್ಳಕೆರೆಯ ಕಡೆಯ ಗುಡ್ಡಗಳನ್ನೇ ಯಾರೋ ಹತ್ತು ಪಟ್ಟು ಎತ್ತರಿಸಿ ಆಕಾಶಕ್ಕೆ ಒರಗಿಸಿ ಇಟ್ಟಂತಿತ್ತು.

ದಾರಿಯಲ್ಲಿ ಒಂದು ಸಣ್ಣ ಘಟನೆ. ಮಕ್ಕಳಿಗೆಂದು ಮುಂದಿನ ಸೀಟಿನವರು ತಂದಿದ್ದ ಚಿಪ್ಸ್ ಪೊಟ್ಟಣ ಮೇಲೇರಿದಂತೆಲ್ಲ ಉಬ್ಬಿಕೊಂಡು ಬಲೂನಿನಂತಾಗಿತ್ತು. ನನ್ನ ವಿದ್ಯಾರ್ಥಿಗಳಾಗಿದ್ದವರಿಗೆ ಪಾದರಸದ ಆ ಗಾಜಿನ ಕೊಳವೆ ನೆನಪಿರಬೇಕು. ಸಮುದ್ರಮಟ್ಟದಲ್ಲಿ 76 ಸೆಂಟಿಮೀಟರ್ ಎಂದು ನಿಮ್ಮಿಂದ ಎಷ್ಟು ಸಲ ಬಾಯಿಪಾಠ ಹೇಳಿಸಿದ್ದೇನೋ! ಅದೇ ಕೊಳವೆಯನ್ನು ಸುಮಾರು 3,500 ಮೀಟರ್ ಎತ್ತರದ ಲೇಹ್‌ಗೆ ಒಯ್ದಿದ್ದರೆ ಪಾದರಸ 50ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. 5,328 ಮೀಟರ್ ಎತ್ತರದ ತಂಗ್ಲಾಂಗ್ ಲಾ ಶಿಖರದಾರಿಯಲ್ಲಾದರೆ 40ರ ಹತ್ತಿರ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲಿಯೂ ಶೇಕಡಾ 21ರಷ್ಟೇ. ಗಾಳಿಯೇ ತೆಳುವಾದ್ದರಿಂದ ಒಂದೊಂದು ಉಸಿರಿಗೆ ಸಿಗುವುದು ಕಡಿಮೆ. ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆಯುವಾಗ ಅದೊಂದು ಅಂಕದ ಪ್ರಶ್ನೆ. ತಂಗ್ಲಾಂಗ್ ಲಾದಲ್ಲಿ ಬಸ್ಸಿಳಿದು ಹತ್ತು ಹೆಜ್ಜೆ ನಡೆದರೆ ಎದೆಬಡಿತ ಕಿವಿಗೆ ಕೇಳುತ್ತದೆ.

ನನ್ನ ಶಿಷ್ಯ ಪಾಂಗಿನಲ್ಲಿಯೇ ಊಟ ಬೇಡವೆಂದಿದ್ದ. ತಂಗ್ಲಾಂಗ್ ಲಾ ಹತ್ತುವಾಗ ತಲೆನೋವೆಂದ, ಇಳಿಯುವಾಗ ಕಿಟಕಿಗೆ ಮುಖವಿಟ್ಟು ಎರಡು ಸಲ ವಾಂತಿ ಮಾಡಿದ. ಉಪ್ಶಿಯ ಬಳಿ ಸಿಂಧೂ ನದಿ ಮೊದಲ ಸಲ ಕಂಡಾಗ, ಇಡೀ ದೇಶಕ್ಕೆ ಹೆಸರು ಕೊಟ್ಟ ನದಿಯನ್ನು ನೋಡು ಎಂದು ನಾನು ಹೇಳುತ್ತಿದ್ದರೆ ಅವನು ಕಣ್ಣು ತೆರೆಯಲೂ ಒಪ್ಪಲಿಲ್ಲ. ಐವತ್ತೆಂಟರ ನನಗೆ ತುಸು ತಲೆಭಾರ ಬಿಟ್ಟರೆ ಬೇರೇನೂ ಇರಲಿಲ್ಲ. ಎತ್ತರದ ಕಾಯಿಲೆ ವಯಸ್ಸನ್ನಾಗಲಿ ಕಟ್ಟುಮಸ್ತಾದ ಮೈಯನ್ನಾಗಲಿ ನೋಡಿಕೊಂಡು ಬರುವುದಿಲ್ಲ. ಬಲಿಷ್ಠರು ಬೇಗ ಬೇಗ ಏರುತ್ತಾರಾದ್ದರಿಂದ ಅಪಾಯಕ್ಕೆ ಸಿಲುಕುವವರಲ್ಲಿ ಅವರೂ ಬಹಳ.

ರಾತ್ರಿ ಲೇಹ್‌ನ ಬಸ್ ನಿಲ್ದಾಣದಿಂದ ಟ್ಯಾಕ್ಸಿಯಲ್ಲಿ ಚಾಂಗ್‌ಸ್ಪಾ ಎಂಬ ಬಡಾವಣೆಗೆ ಹೋಗಿ ಒಂದು ಮನೆಯ ಕದ ತಟ್ಟಿದೆವು. ಮನೆಯವರೇ ಮೇಲಿನ ಮೂರು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಿದ್ದರು. ಬಾಗಿಲು ತೆರೆದವರು ಅರವತ್ತರ ಆಸುಪಾಸಿನ ಹೆಂಗಸು. "ಜುಲೇ" ಎಂದರು. ಅಲ್ಲಿ ನಮಸ್ಕಾರಕ್ಕೂ, ವಂದನೆಗೂ, ಹೋಗಿಬರುತ್ತೇನೆ ಎನ್ನುವುದಕ್ಕೂ ಅದೊಂದೇ ಮಾತು. ಹೆಸರಿನ ಕೊನೆಗೆ "ಲೇ" ಸೇರಿಸಿದರೆ ನಮ್ಮ "ಅವರು" ಎಂಬ ಮರ್ಯಾದೆ. ಅವರನ್ನು ಮನೆಯಲ್ಲಿ ಎಲ್ಲರೂ ಅಮಾ-ಲೇ ಎಂದೇ ಕರೆಯುತ್ತಿದ್ದರು, ಅಂದರೆ ಅಮ್ಮನವರು. ನಮಗೂ ಹಾಗೆ ಕರೆಯುವುದು ಕಷ್ಟವಾಗಲಿಲ್ಲ.

ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಹುಡುಗನ ಉಸಿರು ವಿಚಿತ್ರವಾಗಿ ಸಾಗಿತ್ತು. ಏಳೆಂಟು ಉಸಿರು ಜೋರಾಗಿ ಎಳೆಯುತ್ತಾನೆ, ಆಮೇಲೆ ಹತ್ತು ಸೆಕೆಂಡು ಉಸಿರೇ ಇಲ್ಲ, ಮತ್ತೆ ಬೆಚ್ಚಿದವನಂತೆ ಜೋರಾಗಿ ಎಳೆಯುತ್ತಾನೆ. ಎತ್ತರಕ್ಕೆ ಹೊಸಬರಾದವರಲ್ಲಿ ಇದು ಸಾಮಾನ್ಯವೆಂದು ಪುಸ್ತಕದಿಂದ ಬಲ್ಲೆನಾದರೂ, ಮತ್ತೊಬ್ಬರ ಮಗ ಕತ್ತಲಲ್ಲಿ ಉಸಿರು ನಿಲ್ಲಿಸಿದಾಗ ಆ ಹತ್ತು ಸೆಕೆಂಡುಗಳನ್ನು ಎಣಿಸುವುದು ಬೇರೆಯೇ ವಿಷಯ. ಅವನ ತಾಯಿ ಹೊರಡುವಾಗ ನನ್ನ ಕೈಗೆ ಕೋಡುಬಳೆಯ ಪೊಟ್ಟಣ ಕೊಟ್ಟು, "ಮೇಷ್ಟ್ರು ಜೊತೆಗಿದ್ದಾರೆಂಬ ಧೈರ್ಯ" ಎಂದಿದ್ದರು.

ಬೆಳಿಗ್ಗೆ ಏಳು ಗಂಟೆಗೆ ಎದ್ದವನೇ ಅವನು ಬೂಟು ಹುಡುಕತೊಡಗಿದ. ಖಾರ್ದುಂಗ್ ಲಾ ಕಣಿವೆದಾರಿಯ ಮೂಲಕ ನುಬ್ರಾಕ್ಕೆ ಹೋಗುವ ಜೀಪಿನಲ್ಲಿ ಅವನು ಬೆಂಗಳೂರಿನಿಂದಲೇ ನಮ್ಮಿಬ್ಬರಿಗೂ ಜಾಗ ಕಾದಿರಿಸಿ ಮುಂಗಡ ಕಳಿಸಿದ್ದ. ಅಂದರೆ ಮತ್ತೆ 5,300 ಮೀಟರುಗಳ ಮೇಲಕ್ಕೆ. ರಜೆ ಇರುವುದೇ ಹತ್ತು ದಿನ, ದಾರಿಯಲ್ಲಿ ಐದು ಕಳೆದವು.

"ಸಾರ್, ನಾನು ದಿನಾ ಐದು ಕಿಲೋಮೀಟರ್ ಓಡ್ತೀನಿ. ತಲೆನೋವಿಗೆಲ್ಲ ಹೆದರಿಕೊಂಡು ಕೂತರೆ ಹೇಗೆ?"

"ಓಡುವುದು ನಿನ್ನ ಕಾಲು ಕಣಯ್ಯಾ. ಈಗ ಕೆಲಸ ಮಾಡಬೇಕಾದದ್ದು ರಕ್ತ ಮತ್ತು ಮೂತ್ರಪಿಂಡ. ಅವಕ್ಕೆ ಅವಸರ ಮಾಡಿಸಲು ಬರುವುದಿಲ್ಲ."

ನಾನು ಹಳೆಯ ಪತ್ರಿಕೆಯ ಅಂಚಿನಲ್ಲಿ ಕೊಳವೆಯ ಚಿತ್ರ ಬರೆದು ವಿವರಿಸಿದೆ. ತೆಳುಗಾಳಿಯಲ್ಲಿ ನಾವು ಹೆಚ್ಚು ಹೆಚ್ಚು ಉಸಿರಾಡುತ್ತೇವೆ. ಹಾಗೆ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ರಕ್ತ ಕ್ಷಾರೀಯವಾಗುತ್ತದೆ. ಅದನ್ನು ಮೂತ್ರಪಿಂಡಗಳು ಸರಿದೂಗಿಸಲು ಎರಡು ಮೂರು ದಿನ ಬೇಕು. ರಕ್ತದ ಕೆಂಪುಕಣಗಳು ಹೆಚ್ಚಲು ವಾರಗಳೇ ಬೇಕು. ತಲೆನೋವು, ವಾಕರಿಕೆ ಇದ್ದಾಗ ಇನ್ನೂ ಮೇಲೇರಿದರೆ ಶ್ವಾಸಕೋಶದಲ್ಲಿಯೋ ಮಿದುಳಿನಲ್ಲಿಯೋ ನೀರು ತುಂಬಿಕೊಂಡು ಜೀವಕ್ಕೇ ಸಂಚಕಾರ. ಅವನು ಎಲ್ಲವನ್ನೂ ಕೇಳಿದ, ಹತ್ತನೆಯ ತರಗತಿಯಲ್ಲಿ ಕೇಳುತ್ತಿದ್ದಂತೆಯೇ, ಕಿಟಕಿಯ ಹೊರಗೆ ನೋಡುತ್ತಾ. ಅಷ್ಟರಲ್ಲಿ ಚಹಾ ತಂದ ಅಮಾ-ಲೇ ಅವನ ಮುಖವನ್ನೂ ತುಟಿಯ ಬಣ್ಣವನ್ನೂ ಒಂದು ಕ್ಷಣ ನೋಡಿದರು. ಮಾತಾಡದೆ ಬಗ್ಗಿ ಅವನ ಬೂಟುಗಳೆರಡನ್ನೂ ಕೈಗೆತ್ತಿಕೊಂಡು ಕೆಳಗಿಳಿದು ಹೋಗಿ ಅಡುಗೆಮನೆಯ ಒಲೆಯ ಹಿಂದೆ ಇಟ್ಟುಬಿಟ್ಟರು. ಅವರ ಮಗ ಮೇಲೆ ಬಂದು ಹಿಂದಿಯಲ್ಲಿ ಹೇಳಿದ: "ಆಸ್ಪತ್ರೆಗೆ ಹೋಗಿ ಬಂದ ಮೇಲೆ ಬೂಟು ಸಿಗುತ್ತದಂತೆ."

ಬೂಟಿಲ್ಲದೆ, ಅವರದೇ ಚಪ್ಪಲಿಯಲ್ಲಿ ಆಸ್ಪತ್ರೆಗೆ ಹೋದೆವು. ಬೆರಳಿಗೆ ಸಣ್ಣದೊಂದು ಚಿಮುಟ ಹಾಕಿ ನೋಡಿದ ವೈದ್ಯರು ಅವನನ್ನು ಮಲಗಿಸಿ ಮೂರು ಗಂಟೆ ಆಮ್ಲಜನಕ ಕೊಟ್ಟರು. ಎರಡು ದಿನ ಮೆಟ್ಟಿಲು ಕೂಡ ಹತ್ತಕೂಡದು, ಉಸಿರುಕಟ್ಟಿದರೆ ಅಥವಾ ನಡಿಗೆ ತೊದಲಿದರೆ ತಕ್ಷಣ ಬರಬೇಕು ಎಂದರು. ಮುಂಗಡದ ಹಣ ಹೋಯಿತು. ಮಾರನೆಯ ದಿನ ತಪಾಸಣೆಗೆ ಹೋದಾಗ ಅದೇ ವಾರ್ಡಿನಲ್ಲಿ ಇನ್ನೊಬ್ಬ ತರುಣ ಮಲಗಿದ್ದ. ನಾವು ಹೋಗಬೇಕಿದ್ದ ಜೀಪಿನಲ್ಲಿ ಹೋದವನೇ. ರಾತ್ರಿ ಕೆಮ್ಮು ಹೆಚ್ಚಾಗಿ, ಮಲಗಿದರೆ ಉಸಿರಾಡಲಾಗದೆ, ಜೊತೆಯವರು ಹಿಂದಕ್ಕೆ ಕರೆತಂದಿದ್ದರು. ಅವನು ಚೇತರಿಸಿಕೊಂಡು ವಿಮಾನದಲ್ಲಿ ದೆಹಲಿಗೆ ಮರಳಿದನೆಂದು ಆಮೇಲೆ ತಿಳಿಯಿತು. ನನ್ನ ಶಿಷ್ಯ ಆ ಹಾಸಿಗೆಯ ಬಳಿ ಸ್ವಲ್ಪ ಹೊತ್ತು ನಿಂತಿದ್ದ. ಹೊರಗೆ ಬಂದ ಮೇಲೆ ಜೀಪಿನ ಮಾತು ಎತ್ತಲಿಲ್ಲ.

ಹೀಗೆ ಸಿಕ್ಕಿದ ಎರಡು ದಿನಗಳಲ್ಲಿಯೇ ನಾವು ನಿಜವಾಗಿ ಲೇಹ್ ತಲುಪಿದ್ದು. ಅರಮನೆಗೆ ಹೋಗಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಸೆಂಗೆ ನಾಮ್ಗ್ಯಾಲ್ ದೊರೆ ಕಟ್ಟಿಸಿದ ಆ ಒಂಬತ್ತು ಅಂತಸ್ತಿನ ಸೌಧವನ್ನು ಕಿಟಕಿಯಿಂದಲೇ ನೋಡಿದೆವು. ಹುಡುಗ ಮಲಗಿದ್ದ; ನಾನು ಕೆಳಗಿನ ಅಡುಗೆಮನೆಯಲ್ಲಿ, ತಾಮ್ರ ಹಿತ್ತಾಳೆ ಪಾತ್ರೆಗಳನ್ನು ಸಾಲಾಗಿ ಜೋಡಿಸಿದ್ದ ಗೋಡೆಯ ಎದುರು ಕುಳಿತಿರುತ್ತಿದ್ದೆ. ಅಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದಿದ್ದರೆ ಬೇಳೆ ಬೇಯುವುದೇ ಇಲ್ಲ. ಆದರೆ ಆ ನಾಡಿನ ಹಳೆಯ ಆಹಾರ ಈ ಕಷ್ಟವನ್ನು ಎಂದೋ ಗೆದ್ದಿತ್ತು. ಬಾರ್ಲಿಯನ್ನು ಮರಳಿನಲ್ಲಿ ಹುರಿದು, ನೀರಿನ ಗಿರಣಿಯಲ್ಲಿ ಬೀಸಿ ಇಟ್ಟುಕೊಂಡರೆ, ಉಪ್ಪು ಬೆಣ್ಣೆ ಹಾಕಿದ ಗುರ್‌ಗುರ್ ಚಹಾದಲ್ಲಿ ಕಲಸಿ ತಿನ್ನಬಹುದು. ನಾನು ಕೋಣೆಗೆ ಹೋಗಿ ನಮ್ಮ ಹುರಿಹಿಟ್ಟಿನ ಡಬ್ಬ ತಂದು ಅವರ ಮುಂದಿಟ್ಟೆ. ಅಮಾ-ಲೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣರಳಿಸಿದರು. ಭಾಷೆ ಬಾರದ ಇಬ್ಬರು ಹುರಿಹಿಟ್ಟಿನ ಮೂಲಕ ಮಾತನಾಡಿದೆವೆನ್ನಬೇಕು.

ಸ್ನಾನಕ್ಕೆ ಅವರು ಕೊಟ್ಟದ್ದು ಅರ್ಧ ಬಕೆಟ್ ಬಿಸಿನೀರು. ಶೌಚಾಲಯ ಅಂಗಳದ ಮೂಲೆಯಲ್ಲಿ, ಎರಡು ಅಂತಸ್ತಿನದು. ಮೇಲೆ ನೆಲದಲ್ಲಿ ಒಂದು ಕಿಂಡಿ, ಪಕ್ಕದಲ್ಲಿ ಮಣ್ಣಿನ ಗುಡ್ಡೆ ಮತ್ತು ಸಲಿಕೆ. ನೀರಿನ ಬದಲು ಮಣ್ಣು ಸುರಿಯಬೇಕು. ಕೆಳಗೆ ಗೊಬ್ಬರವಾದದ್ದು ವಸಂತದಲ್ಲಿ ಹೊಲಕ್ಕೆ ಹೋಗುತ್ತದೆ. ಮೊದಲ ದಿನ ಶಿಷ್ಯ ಮುಖ ಸಿಂಡರಿಸಿದ. ವರ್ಷಕ್ಕೆ ನೂರು ಮಿಲಿಮೀಟರ್‌ನ ಆಸುಪಾಸು ಮಳೆ ಹಿಮ ಬೀಳುವ ಊರಿನಲ್ಲಿ, ಒಂದು ಸಲ ಫ್ಲಷ್ ಎಳೆದರೆ ಹತ್ತು ಲೀಟರ್ ಕುಡಿಯುವ ನೀರು ಹೋಗುತ್ತದೆಯಲ್ಲ ಎಂದು ಲೆಕ್ಕ ಹಾಕಿದ ಮೇಲೆ ಸುಮ್ಮನಾದ.

ಎರಡನೆಯ ದಿನದ ಸಂಜೆ ಅಮಾ-ಲೇ ಸಲಿಕೆ ಹಿಡಿದು ಹಿತ್ತಿಲಿಗೆ ಹೊರಟರು. ನಾನು ನಿಧಾನವಾಗಿ ಹಿಂದೆ ನಡೆದೆ. ಮೇಲಿನ ಹಿಮ ಹಗಲು ಕರಗಿ, ಆ ನೀರು ಕಾಲುವೆಗಳಲ್ಲಿ ಊರಿನವರೆಗೆ ಹರಿದು ಬರುತ್ತದೆ. ಈ ಕಾಲುವೆಗಳಿಗೆ ಯುರಾ ಎಂದು ಹೆಸರು, ನೀರು ಕೂಡಿಡುವ ಹೊಂಡಕ್ಕೆ ಝಿಂಗ್. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂಬುದಕ್ಕೆ ಸರದಿಯಿದೆ. ಆ ಸರದಿಯನ್ನು ನೋಡಿಕೊಳ್ಳಲು ಊರವರು ಒಬ್ಬನನ್ನು ನೇಮಿಸುತ್ತಾರೆ. ಅವನು ಚುರ್ಪೊನ್, "ಚು" ಎಂದರೆ ನೀರು, ಅದರ ಒಡೆಯ. ಮಗ ಇದನ್ನು ವಿವರಿಸುತ್ತಿದ್ದಂತೆ ನನ್ನ ಬಾಯಿಂದ ತಾನಾಗಿ ಬಂತು: "ನೀರುಗಂಟಿ!"

ನಿಮ್ಮಲ್ಲಿ ಎಷ್ಟು ಜನರಿಗೆ ಈ ಪದ ಗೊತ್ತೋ ತಿಳಿಯದು. ನಮ್ಮ ಕೆರೆಗಳ ತೂಬನ್ನು ಎತ್ತುವ, ಇಳಿಸುವ, ಗದ್ದೆ ಗದ್ದೆಗೆ ನೀರು ಹಂಚುವ ಕೆಲಸ ನೀರುಗಂಟಿಯದು. ನಾನು ಬಾಲಕನಾಗಿದ್ದಾಗ ನಮ್ಮೂರಿನ ನೀರುಗಂಟಿ ಹೆಗಲಿಗೆ ಸಲಿಕೆ ಹಾಕಿಕೊಂಡು ಏರಿಯ ಮೇಲೆ ನಡೆದು ಬಂದರೆ ಜಮೀನ್ದಾರನೂ ಎದ್ದು ನಿಂತು ಮಾತನಾಡಿಸುತ್ತಿದ್ದ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅವನ ಪಾಲು ಸಲ್ಲುತ್ತಿತ್ತು. ಆಮೇಲೆ ಕೊಳವೆಬಾವಿಗಳು ಬಂದವು. ಒಬ್ಬೊಬ್ಬನ ಹೊಲದಲ್ಲಿ ಒಬ್ಬೊಬ್ಬನ ನೀರು ಎಂದಾದ ಮೇಲೆ ಹಂಚುವವನು ಯಾರಿಗೆ ಬೇಕು? ಕೆರೆಯ ತೂಬು ತುಕ್ಕು ಹಿಡಿಯಿತು, ನೀರುಗಂಟಿಯ ಮಗ ಕೂಲಿಗೆ ಹೋದ, ಕೊಳವೆಬಾವಿಗಳೂ ಒಂದೊಂದಾಗಿ ಒಣಗಿದವು. ಅಮಾ-ಲೇಯ ಮಗ ಕೈಚಾಚಿ ಬೀದಿಯಾಚೆ ಕಟ್ಟುತ್ತಿದ್ದ ಹೊಸ ಹೋಟೆಲನ್ನು ತೋರಿಸಿದ. ಅಲ್ಲಿಯೂ ಕೊಳವೆಬಾವಿ ಕೊರೆಸಿದ್ದರು. ಪ್ರತಿ ಕೋಣೆಗೂ ಫ್ಲಷ್, ಶವರ್. "ಪ್ರವಾಸಿಗರು ಕೇಳುತ್ತಾರೆ, ಕೊಡದಿದ್ದರೆ ಬರುವುದಿಲ್ಲ" ಎಂದ. ಅವನ ಮಾತಿನಲ್ಲಿ ದೂರಿರಲಿಲ್ಲ. ಆ ಪ್ರವಾಸಿಗರಲ್ಲಿ ನಾವಿಬ್ಬರೂ ಸೇರಿದ್ದೆವು.

ಅಮಾ-ಲೇ ಸಲಿಕೆಯಿಂದ ಎರಡು ಹೆಂಟೆ ಮಣ್ಣು ಸರಿಸಿದರು. ಕಾಲುವೆಯ ನೀರು ತಿರುಗಿ ಬಾರ್ಲಿ ಹೊಲಕ್ಕೆ ಹರಿಯಿತು. ತಮ್ಮ ಹೊತ್ತು ಮುಗಿದೊಡನೆ, ಯಾರೂ ನೋಡುತ್ತಿಲ್ಲದಿದ್ದರೂ, ಅದೇ ಮಣ್ಣನ್ನು ಮತ್ತೆ ಒಡ್ಡಿ ನೀರನ್ನು ಕೆಳಗಿನ ಮನೆಯವರಿಗೆ ಬಿಟ್ಟರು.

ಮೂರನೆಯ ದಿನ ಶಿಷ್ಯನಿಗೆ ಹಸಿವಾಯಿತು, ಬೂಟು ಮರಳಿ ಸಿಕ್ಕಿತು. ಉಳಿದ ಅಲ್ಪಾವಧಿಯಲ್ಲಿ ನಾವು ಹೆಚ್ಚೇನೂ ನೋಡಲಿಲ್ಲ. ಪೇಟೆಯ ಕಾಲುದಾರಿಯಲ್ಲಿ ತರಕಾರಿ ಮಾರುವ ಹೆಂಗಸರು, ಹಳೆಯ ಮಸೀದಿ, ಒಂದು ಗೊಂಪಾ, ಅಷ್ಟೆ. ನುಬ್ರಾ, ಪ್ಯಾಂಗಾಂಗ್ ಎರಡನ್ನೂ ಬಿಟ್ಟು, ರಜೆ ಮುಗಿಯಿತೆಂದು ವಿಮಾನದಲ್ಲಿ ಹಿಂದಿರುಗಿದೆವು.

ಆಮೇಲಿನ ವರ್ಷಗಳಲ್ಲಿ ಆ ಊರಿನ ಸುದ್ದಿ ಬಂದಾಗಲೆಲ್ಲ ಪತ್ರಿಕೆಯನ್ನು ಎರಡು ಸಲ ಓದುತ್ತೇನೆ. 1974ರಲ್ಲಿ ಹೊರಗಿನ ಪ್ರವಾಸಿಗರಿಗೆ ತೆರೆದ ಲಡಾಖ್, 2009ರ "ತ್ರೀ ಈಡಿಯಟ್ಸ್" ಚಲನಚಿತ್ರದ ನಂತರ ಮನೆಮಾತಾಯಿತು. 2010ರ ಆಗಸ್ಟಿನಲ್ಲಿ ಮಧ್ಯರಾತ್ರಿಯ ಮೇಘಸ್ಫೋಟದಿಂದ ಇನ್ನೂರಕ್ಕೂ ಹೆಚ್ಚು ಜನ ಅಲ್ಲಿ ಸತ್ತರು. ಆಗ ಮೂರು ದಿನ ಪ್ರಯತ್ನಿಸಿ ಫೋನು ಸಿಕ್ಕಿದಾಗ ಅಮಾ-ಲೇಯ ಮಗ, ಮನೆ ಉಳಿದಿದೆ ಎಂದ. 2011ರ ಜನಗಣತಿಯಲ್ಲಿ ಆ ಪಟ್ಟಣದ ಜನಸಂಖ್ಯೆ ಸುಮಾರು 31 ಸಾವಿರ. ಒಂದು ಬೇಸಿಗೆಯಲ್ಲಿ ಬರುವ ಪ್ರವಾಸಿಗರು ಅದರ ಹಲವು ಪಟ್ಟು. 2019ರಲ್ಲಿ ಲಡಾಖ್ ಕೇಂದ್ರಾಡಳಿತ ಪ್ರದೇಶವಾಯಿತು. ಹಿಮನದಿಗಳು ಹಿಂದೆ ಸರಿಯುತ್ತಿರುವ ಆ ನಾಡಿನಲ್ಲಿ ಚೆವಾಂಗ್ ನಾರ್ಫೆಲ್ ಎಂಬ ಎಂಜಿನಿಯರು, ಚಳಿಗಾಲದಲ್ಲಿ ವ್ಯರ್ಥವಾಗಿ ಹರಿಯುವ ನೀರನ್ನು ತಡೆದು ಹೆಪ್ಪುಗಟ್ಟಿಸಿ, ವಸಂತದ ಬಿತ್ತನೆಗೆ ಕರಗುವಂತೆ ಕೃತಕ ಹಿಮರಾಶಿಗಳನ್ನು ನಿರ್ಮಿಸಿದರು. ನಿವೃತ್ತಿಯ ನಂತರವೂ ಅದನ್ನೇ ಮುಂದುವರಿಸಿದರು. 2015ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ, ನಿವೃತ್ತರ ಪೈಕಿ ಒಬ್ಬನಾಗಿ ನನಗೂ ಸಂತೋಷವಾಯಿತು.

2024ರ ಮಾರ್ಚಿನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಒಣಗಿ ಊರೆಲ್ಲ ಟ್ಯಾಂಕರ್‌ಗಳಿಗಾಗಿ ಕಾಯುತ್ತಿದ್ದ ದಿನಗಳಲ್ಲಿ ನನ್ನ ಶಿಷ್ಯನ ಅಪಾರ್ಟ್‌ಮೆಂಟಿನಲ್ಲಿಯೂ ಜಗಳ ಶುರುವಾಗಿತ್ತಂತೆ. ದಿನಕ್ಕೆ ಯಾರಿಗೆ ಎಷ್ಟು ನೀರು, ಕೀಲಿ ಯಾರ ಕೈಯಲ್ಲಿ ಎಂದು. ಕಡೆಗೆ ಎಲ್ಲರೂ ಸೇರಿ ಸರದಿಯ ಪಟ್ಟಿ ಮಾಡಿ ಕೀಲಿಯನ್ನು ಅವನಿಗೇ ಒಪ್ಪಿಸಿದರು. ಮನೆಯಲ್ಲಿ ಅವನ ಮಕ್ಕಳೂ ಅರ್ಧ ಬಕೆಟ್ ಸ್ನಾನ ಕಲಿತರೆಂದು ತಿಳಿಸಿ, "ಸಾರ್, ನಾನೀಗ ನಮ್ಮ ಬ್ಲಾಕಿನ ನೀರುಗಂಟಿ" ಎಂದ.

ನಿಮ್ಮಲ್ಲಿ ಯಾರಾದರೂ ಲೇಹ್‌ಗೆ ಹೊರಟಿದ್ದರೆ ಈ ಮುದುಕನ ಎರಡು ಮಾತು. ದೆಹಲಿಯಿಂದ ವಿಮಾನ ಒಂದೂಕಾಲು, ಒಂದೂವರೆ ಗಂಟೆಯಲ್ಲಿ ನಿಮ್ಮನ್ನು ಅಲ್ಲಿ ಇಳಿಸುತ್ತದೆ. ಹೃದಯಕ್ಕೋ ಶ್ವಾಸಕೋಶಕ್ಕೋ ತೊಂದರೆಯಿರುವವರು ಮೊದಲೇ ವೈದ್ಯರನ್ನು ಕೇಳಿ. ಮೊದಲ ಎರಡು ದಿನಗಳಿಗೆ ಏನನ್ನೂ ಕಾದಿರಿಸಬೇಡಿ. ತಲೆನೋವಿದ್ದರೆ ಮೇಲೇರಬೇಡಿ, ಹೆಚ್ಚಾದರೆ ಕೆಳಗಿಳಿಯಿರಿ. ಆ ಎರಡು ದಿನ ಕೋಣೆಯಲ್ಲಿ ಟಿ.ವಿ. ನೋಡುತ್ತಾ ಕೂರುವ ಬದಲು, ನಿಮ್ಮ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ, ನಿಮ್ಮ ನಂತರ ಅದು ಯಾರಿಗೆ ಸಲ್ಲಬೇಕಾಗಿತ್ತು ಎಂದು ಮನೆಯವರನ್ನು ಕೇಳಿ ತಿಳಿಯಿರಿ. ಸಾಧ್ಯವಿದ್ದರೆ ಮಣ್ಣು ಸುರಿಯುವ ಶೌಚಾಲಯವಿರುವ ಮನೆಯಲ್ಲಿಯೇ ಇಳಿದುಕೊಳ್ಳಿ. ಚೀಲದಲ್ಲಿ ಜಾಗವಿದ್ದರೆ ಒಂದು ಡಬ್ಬ ಹುರಿಹಿಟ್ಟು ಇರಲಿ.